ನಾಲ್ಕನೇ ಗೇರು ತಮಿಳುನಾಡಿನಲ್ಲಿದೆ

ಬೆಂಗಳೂರಿನಲ್ಲಿ ದೊಡ್ಡ ಬೈಕು ಕೊಂಡವನಷ್ಟು ಪುಣ್ಯಾತ್ಮ ತೆರಿಗೆದಾರ ಇನ್ನೊಬ್ಬನಿಲ್ಲ. ಎಂಜಿನ್ 350 ಸಿಸಿ ದಾಟಿತೆಂದರೆ 2025ರ ಸೆಪ್ಟೆಂಬರಿನಿಂದ ಶೇ 40 ಜಿಎಸ್‌ಟಿ. ಕೋಲಾ ಬಾಟಲಿ ಕೂತ ಪಂಕ್ತಿಯಲ್ಲೇ ಇವನ ಬೈಕಿಗೂ ಎಲೆ ಹಾಕಿದ್ದಾರೆ. ಅದರ ಮೇಲೆ ರಾಜ್ಯದ ಜೀವಾವಧಿ ತೆರಿಗೆ, ವಿಮೆ, ಬ್ಯಾಂಕಿನ ಕಂತು. ಇಷ್ಟೆಲ್ಲ ಕಟ್ಟಿ ರಸ್ತೆಗಿಳಿದರೆ ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕ ಕಾದು ನಿಂತಿರುತ್ತದೆ: ಊರಿನ ನಡುವೆ 10 ಕಿಲೋಮೀಟರ್ ಸಾಗಲು 29 ನಿಮಿಷ. ಗಂಟೆಗೆ 250 ಓಡಬಲ್ಲ ಗಾಡಿ ಸಿಲ್ಕ್ ಬೋರ್ಡಿನಲ್ಲಿ ತರಕಾರಿ ಟೆಂಪೋದ ಹಿಂದೆ ನಿಂತು ಯಜಮಾನನ ತೊಡೆ ಬೇಯಿಸುತ್ತಿರುತ್ತದೆ. ಒಂದನೇ ಗೇರು ದಿನಬಳಕೆಗೆ, ಎರಡನೆಯದು ಹಬ್ಬಕ್ಕೆ, ಮೂರನೆಯದು ಕರ್ನಾಟಕ ಬಂದ್ ದಿನಕ್ಕೆ. ಉಳಿದ ಮೂರು ಶೋರೂಮಿನಿಂದ ಬಂದ ಹಾಗೇ ಇವೆ.

ಹಾಗಾದರೆ ಊರಾಚೆ ಹೋಗಲಿ ಎನ್ನುತ್ತೀರಿ. ಮೈಸೂರಿಗೆ ಭರ್ಜರಿ ಹೆದ್ದಾರಿ ಆಗಿದೆಯಲ್ಲ! ಆಗಿದೆ, ಆದರೆ 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರಕ್ಕೆ ಪ್ರವೇಶವಿಲ್ಲ. ನಿಷೇಧದ ಪಟ್ಟಿಯಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್, ಎಂಜಿನ್ನೇ ಇಲ್ಲದ ಗಾಡಿಗಳು ಅಕ್ಕಪಕ್ಕದಲ್ಲಿವೆ. ಹದಿನೈದು ಲಕ್ಷದ ಇಟಾಲಿಯನ್ ಬೈಕು ಮತ್ತು ಮಂಡ್ಯದ ಎತ್ತಿನ ಗಾಡಿ ಸರ್ವಿಸ್ ರಸ್ತೆಯಲ್ಲಿ ಜೋಡಿಯಾಗಿ ಸಾಗುತ್ತವೆ. ಸಮಾನತೆ ಎಂದರೆ ಇದಪ್ಪಾ.

ಉಳಿದದ್ದು ಭಾನುವಾರದ ನಂದಿ ಬೆಟ್ಟ. ಬೆಳಿಗ್ಗೆ ಐದಕ್ಕೆ ಅಪಾರ್ಟ್‌ಮೆಂಟಿನವರನ್ನೆಲ್ಲ ಸೈಲೆನ್ಸರಿನಿಂದ ಎಬ್ಬಿಸಿ, ವಿಮಾನ ನಿಲ್ದಾಣದ ಮೇಲ್ಸೇತುವೆಯಲ್ಲಿ ವಿಮಾನಕ್ಕೇ ಪೈಪೋಟಿ ಕೊಟ್ಟು, ಬೆಟ್ಟದ ತಿರುವಿನಲ್ಲಿ ಗಾಡಿ ವಾಲಿಸಿ, ದೇವನಹಳ್ಳಿಯಲ್ಲಿ ತಟ್ಟೆ ಇಡ್ಲಿ ತಿಂದು ಬಂದರೆ ಒಂದು ವಾರಕ್ಕಾಗುವಷ್ಟು ಪೌರುಷ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಮ್ಮ ಹುಡುಗರು ಈ ಕಲಮಿಗೆ ಹೆದರುವುದಿಲ್ಲ, ಅವರದು ರೇಸೇ ಅಲ್ಲವಲ್ಲ. “ಗ್ರೂಪ್ ರೈಡು ಸಾರ್” ಅನ್ನುತ್ತಾರೆ. ನಂದಿಯ ತಿರುವಿನಲ್ಲಿ ಎದುರಿಗೆ ಬರುವ ಪ್ರವಾಸಿ ಬಸ್ಸಿನ ಡ್ರೈವರಿಗೂ ಅದನ್ನೇ ವಿವರಿಸಲು ಸಮಯ ಸಿಗುವುದಿಲ್ಲ, ಅಷ್ಟೇ.

ಈ ಪೌರುಷ ಒಂದು ಹದಕ್ಕೆ ಬಂದಾಗ ಯಾರೋ ಒಬ್ಬ, “ಮಗಾ, ಟ್ರ್ಯಾಕ್ ಡೇಗೆ ಬರ್ತೀಯಾ?” ಅಂತಾನೆ. ದುಡ್ಡು ಕಟ್ಟಿದರೆ ಒಂದು ದಿನದ ಮಟ್ಟಿಗೆ ರೇಸಿನ ಟ್ರ್ಯಾಕಿನಲ್ಲಿ ಸ್ವಂತ ಗಾಡಿ ಓಡಿಸಬಹುದು. ಟ್ರ್ಯಾಕ್ ಇರುವುದು ಎಲ್ಲಿ? ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈನಲ್ಲಿ, ಬೆಂಗಳೂರಿನಿಂದ ಮುನ್ನೂರು ಕಿಲೋಮೀಟರಿಗೂ ಆಚೆ. ಅದು ಬೇಡವೆಂದರೆ ಕೊಯಮತ್ತೂರು. ಅದೂ ಬೇಡವೆಂದರೆ ದೆಹಲಿಯ ಪಕ್ಕದ ಗ್ರೇಟರ್ ನೊಯ್ಡಾ. ನಾಲ್ಕನೇ ಗೇರು ಹಾಕುವ ಆಸೆಗೆ ಕನ್ನಡಿಗ ರಾಜ್ಯ ದಾಟಲೇಬೇಕು.

ಹೊರಡುವ ಮುಂಚೆ ಮನೆಯಲ್ಲಿ ಅಮ್ಮ ಅಡ್ಡ ನಿಲ್ಲುತ್ತಾಳೆ. “ಎಲ್ಲಿಗೋ?” “ಚೆನ್ನೈಗಮ್ಮಾ, ಟ್ರೇನಿಂಗು.” “ಆಫೀಸಿಂದಾ?” “ಹ್ಞೂಂ.” ಪಾಪ, ಅವಳು ಮುಂದಿನ ಚಕ್ರಕ್ಕೊಂದು ನಿಂಬೆಹಣ್ಣು ಇಟ್ಟು, ಹ್ಯಾಂಡಲ್ಲಿಗೆ ಕಪ್ಪು ದಾರ ಕಟ್ಟಿ ಕಳಿಸುತ್ತಾಳೆ.

ಟ್ರ್ಯಾಕಿನಲ್ಲಿ ಮೊದಲು ಗಾಡಿಯ ತಪಾಸಣೆ. ಇಲ್ಲಿ ನಮ್ಮವನು ಪೂರ್ತಿ ಅಂಕ ಪಡೆಯುತ್ತಾನೆ. ಕನ್ನಡಿ ಬಿಚ್ಚಿ ಎನ್ನುತ್ತಾರೆ. ಅವನು ಅದನ್ನು ಕೊಂಡ ವಾರವೇ ಬಿಚ್ಚಿಟ್ಟಿದ್ದಾನೆ. ನಂಬರ್ ಪ್ಲೇಟ್ ತೆಗೆಯಿರಿ ಎನ್ನುತ್ತಾರೆ. ಸಿಗ್ನಲ್ ಕ್ಯಾಮೆರಾಗಳ ಕಾಟಕ್ಕೆ ಅದನ್ನು ಆಗಲೇ ಕಾಣದ ಹಾಗೆ ಮಡಚಿದ್ದಾನೆ. ಇಂಡಿಕೇಟರಿಗೆ ಟೇಪು ಸುತ್ತಿ ಎಂದಾಗಲೇ ತನ್ನ ಗಾಡಿಗೆ ಇಂಡಿಕೇಟರ್ ಇದೆ ಎಂದು ಅವನಿಗೆ ನೆನಪಾಗುವುದು. ಬಿದ್ದರೆ ಗಾಜು ಟ್ರ್ಯಾಕಿನ ತುಂಬ ಚೆಲ್ಲಬಾರದೆಂದು ಹೆಡ್‌ಲೈಟಿಗೂ ಟೇಪು. ಕೆಲವು ಕಡೆ ರೇಡಿಯೇಟರಿನ ಕೂಲಂಟ್ ತೆಗೆದು ಬರೀ ನೀರು ತುಂಬಿಸಿ ಎನ್ನುತ್ತಾರೆ, ಕೂಲಂಟ್ ಚೆಲ್ಲಿದರೆ ಹಿಂದಿನವನು ಜಾರುತ್ತಾನಲ್ಲ! ಹೊರವರ್ತುಲ ರಸ್ತೆಯ ತಿರುವಿನಲ್ಲಿ ಲಾರಿಯಿಂದ ಚೆಲ್ಲಿದ ಜಲ್ಲಿ ಮುಂದಿನ ಚುನಾವಣೆವರೆಗೂ ಬಿದ್ದಿರುವ ಊರಿನವನಿಗೆ ಈ ಕಾಳಜಿ ಕೇಳಿ ನಗು ಬರುತ್ತದೆ. ಇಲ್ಲಿ ಒಂದಿಷ್ಟು ಆಯಿಲ್ ಬಿದ್ದರೆ ಕೆಂಪು ಬಾವುಟ ಹಾರಿಸಿ, ಎಲ್ಲರನ್ನೂ ಒಳಗೆ ಕರೆದು, ಒರೆಸಿ ಆದ ಮೇಲೆ ಬಿಡುತ್ತಾರೆ.

ಕಡೆಗೆ ತಪಾಸಕ ಹ್ಯಾಂಡಲ್ಲಿನ ಕಪ್ಪು ದಾರ ನೋಡಿ, “ಇದೆನ್ನ ತಂಬಿ?” ಎಂದು ಕತ್ತರಿ ಹಾಕುತ್ತಾನೆ. ದೃಷ್ಟಿ ಅಲ್ಲಿಂದಲೇ ಶುರು.

ಮೈಗೆ ಚರ್ಮದ ಸೂಟು. ಚೆನ್ನೈ ಬಿಸಿಲಿನಲ್ಲಿ ಅದರೊಳಗೆ ಇಳಿಯಲು ಇಬ್ಬರ ಸಹಾಯ ಬೇಕು, ಝಿಪ್ ಏರಿಸಲು ಮೂರನೆಯವನು. ಬೆಂಗಳೂರಿನಲ್ಲಿ ಬರ್ಮುಡಾ, ಹವಾಯಿ ಚಪ್ಪಲಿಯಲ್ಲಿ ಓಡಿಸಿದ್ದ ಅದೇ ಗಾಡಿಗೆ ಇಲ್ಲಿ ಬೆನ್ನಿನ ಕವಚ, ಮಣಿಕಟ್ಟು ಮುಚ್ಚುವ ಗ್ಲೌಸು, ಕಣಕಾಲು ತಿರುಚದ ಬೂಟು. ಆಮೇಲೆ ಸತ್ತರೆ ನಾನೇ ಹೊಣೆ ಎಂಬ ಕಾಗದಕ್ಕೊಂದು ಸಹಿ. ಅವನ ವಿಮೆ ಇಲ್ಲಿ ನಡೆಯದು, ರೇಸಿಗೋ ವೇಗ ಪರೀಕ್ಷೆಗೋ ಗಾಡಿ ಬಳಸಿದರೆ ಪಾಲಿಸಿ ಅನ್ವಯಿಸದೆಂದು ಸಣ್ಣಕ್ಷರದಲ್ಲಿ ಬರೆದೇ ಇರುತ್ತದೆ. ಗುಂಡಿ, ನಾಯಿ, ರಾಂಗ್ ಸೈಡಿನ ಆಟೊ, ಬಣ್ಣ ಹೊಡೆಯದ ಹಂಪು, ಇವೆಲ್ಲ ಇರುವ ರಸ್ತೆ ವಿಮೆಯವರಿಗೆ ಸಮ್ಮತ. ಇವು ಯಾವುವೂ ಇಲ್ಲದ, ಆಂಬುಲೆನ್ಸ್ ಸದಾ ಸಿದ್ಧವಾಗಿ ನಿಂತಿರುವ ಜಾಗ ಮಾತ್ರ ಅಪಾಯಕಾರಿ.

ಟ್ರ್ಯಾಕಿಗಿಳಿದ ಮೇಲೆ ಬೆಂಗಳೂರಿಗನಿಗೆ ಮೊದಲ ಆಘಾತ: ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಿದ್ದಾರೆ! ಎರಡನೆಯದು, ಹಾರ್ನಿಗೆ ಕೆಲಸವಿಲ್ಲ. ಹಿಂದಿಕ್ಕುವವನೇ ಜಾಗ ನೋಡಿಕೊಂಡು ಹಿಂದಿಕ್ಕಬೇಕು, ಅದೂ ಹೊಸಬರ ಗುಂಪಿನಲ್ಲಿ ಹೇಳಿದ ಕಡೆ ಮಾತ್ರ. ಹಳದಿ ಬಾವುಟ ಕಂಡರೆ ಯಾರೂ ಮುಂದೆ ನುಗ್ಗುವಂತಿಲ್ಲ. ನಮ್ಮೂರಲ್ಲಿ ಹಳದಿ ದೀಪ ಕಂಡೊಡನೆ ಆಕ್ಸಿಲರೇಟರ್ ತಿರುಚುವುದು ಜನ್ಮಸಿದ್ಧ ಹಕ್ಕು.

ಉದ್ದನೆಯ ನೇರ ದಾರಿಯಲ್ಲಿ ನಾಲ್ಕು, ಐದು ಗೇರು ಬೀಳುತ್ತವೆ, ಜನ್ಮ ಸಾರ್ಥಕವಾಗುತ್ತದೆ. ಆದರೆ 3.7 ಕಿಲೋಮೀಟರಿನ ಆ ಟ್ರ್ಯಾಕಿನಲ್ಲಿ ಹನ್ನೆರಡು ತಿರುವು. ಮೊದಲ ತಿರುವಿಗೇ ನಮ್ಮವನು ಗಾಬರಿಯಾಗಿ ಬ್ರೇಕು ಅಮುಕಿ, ಹೋಗಬೇಕಾದ ಕಡೆ ನೋಡುವ ಬದಲು ಬೀಳಬಹುದಾದ ಹುಲ್ಲನ್ನೇ ದಿಟ್ಟಿಸುತ್ತಾನೆ. ಕಣ್ಣು ಹೋದಲ್ಲಿ ಗಾಡಿ ಹೋಗುತ್ತದೆ, ಇದು ಬೈಕಿನ ಹಳೇ ಕಾನೂನು. ಆಗ ಒಳಬದಿಯಿಂದ ಸುಂಯ್ ಎಂದು ಹಿಂದಿಕ್ಕಿ ಹೋದದ್ದು 200 ಸಿಸಿಯ ಅಪಾಚೆ. ಅವನ ಗಾಡಿಯ ಐದನೇ ಒಂದರಷ್ಟು ಎಂಜಿನ್ನು. ಪಿಟ್‌ಗೆ ಬಂದು ಹೆಲ್ಮೆಟ್ ತೆಗೆದರೆ ಅದರ ಸವಾರಿಣಿ ಕಾಲೇಜು ಹುಡುಗಿ. “ಅಣ್ಣಾ, ನಿಮ್ಮ ಗಾಡಿ ಸೂಪರಾಗಿದೆ,” ಅಂತಾಳೆ ಕನ್ನಡದಲ್ಲೇ, ಜಯನಗರದವಳಂತೆ. ಗಾಡಿ ಸೂಪರಾಗಿದೆ ಎಂದದ್ದು ನಮ್ಮವನ ಕಿವಿಗೆ ಸಾಕಷ್ಟು ಆಳವಾಗಿ ಇಳಿಯುತ್ತದೆ.

ಇಪ್ಪತ್ತು ನಿಮಿಷದ ಸರದಿಗಳಲ್ಲಿ ದಿನ ಮುಗಿದು, ಟೇಪು ಕಿತ್ತು, ಪ್ಲೇಟು ಹಾಕಿ, ಅದೇ ಗಾಡಿಯಲ್ಲಿ ಮುನ್ನೂರು ಕಿಲೋಮೀಟರ್ ವಾಪಸ್. ಬೀಳದೇ ಇದ್ದರೆ. ಬಿದ್ದಿದ್ದರೆ ಗಾಡಿ ಲಾರಿಯಲ್ಲಿ, ಸವಾರ ಬಸ್ಸಿನಲ್ಲಿ, ಅಮ್ಮನಿಗೆ ಹೇಳುವ ಟ್ರೇನಿಂಗಿನ ಕತೆ ದಾರಿಯಲ್ಲಿ ತಯಾರು.

ನಗುವುದಿರಲಿ, ಒಂದು ಮಾತು ಕೇಳಬೇಕು. ಮದ್ರಾಸಿನವರು ಮೊದಲು ಶೋಳಾವರಂನ ಯುದ್ಧಕಾಲದ ವಿಮಾನದ ಓಡುದಾರಿಯಲ್ಲಿ ರೇಸ್ ಮಾಡಿದರು, ಆಮೇಲೆ ಅಲ್ಲಿನ ಕ್ಲಬ್ಬು ಸ್ವಂತ ಟ್ರ್ಯಾಕ್ ಕಟ್ಟಿಕೊಂಡಿತು. ನಾವು? 1961ರಿಂದ 1996ರವರೆಗೆ ಮೈಸೂರಿನಲ್ಲಿ ಜಾವಾ, ಯೆಜ್ಡಿ ತಯಾರಿಸಿದ ರಾಜ್ಯ ನಮ್ಮದು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿ ಪೂರೈಸಿದ ಮೊದಲ ಭಾರತೀಯ. ಬೆಂಗಳೂರಿನದೇ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದವರು. ಇಂಥ ಊರಿನಲ್ಲಿ ಗೋಕಾರ್ಟ್ ಸುತ್ತಲು ಜಾಗವಿದೆ, ಕೋಲಾರದ ಕಡೆ ಮಣ್ಣಿನಲ್ಲಿ ಹಾರಲು ಜಾಗವಿದೆ. ಬೈಕು ನಾಲ್ಕನೇ ಗೇರಿನಲ್ಲಿ ಓಡುವ ದೊಡ್ಡ ಟ್ರ್ಯಾಕ್ ಮಾತ್ರ ಇಲ್ಲ. ಕುದುರೆಗೆ ನಗರದ ನಟ್ಟನಡುವೆ ರೇಸ್ ಕೋರ್ಸ್ ಇದೆ. 2023ರ ನವೆಂಬರಿನಲ್ಲಿ ಕರಾವಳಿಯ ಕೋಣಗಳು ಘಾಟಿ ಹತ್ತಿ ಬಂದಾಗ ಅರಮನೆ ಮೈದಾನದಲ್ಲಿ ಅವಕ್ಕೂ ಕಂಬಳದ ಕರೆ ತೋಡಿಕೊಟ್ಟೆವು, ಸಂತೋಷ. ಓಡಲು ಜಾಗ ಬೇಕೆಂಬುದು ಕೋಣದ ವಿಷಯದಲ್ಲಿ ಅರ್ಥವಾಗುತ್ತದೆ, ಹದಿಹರೆಯದ ಹುಡುಗನ ವಿಷಯದಲ್ಲಿ ಮಾತ್ರ ಆಗುವುದಿಲ್ಲ. ಅವನನ್ನು ವ್ಹೀಲಿ ಮಾಡಿದನೆಂದು ಹಿಡಿದು, ಗಾಡಿ ಜಪ್ತಿ ಮಾಡಿ, ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿಸುವ ವ್ಯವಸ್ಥೆ ಚೆನ್ನಾಗಿದೆ.

ಆದ್ದರಿಂದ ಮಾನ್ಯ ಕ್ರೀಡಾ ಸಚಿವರಲ್ಲಿ ಒಂದು ವಿನಂತಿ. ಕೋಲಾರದ ಕಡೆಯೋ ತುಮಕೂರಿನ ಕಡೆಯೋ ನಾಲ್ಕು ಕಿಲೋಮೀಟರ್ ನುಣುಪಾದ ಡಾಂಬರು ಹಾಕಿಸಿ ಕೊಡಿ. ಶೇ 40 ಕಟ್ಟಿದ ಜನ ಬಾಡಿಗೆ ಕೊಟ್ಟು ಬರುತ್ತಾರೆ. ನಡುವೆ ಹಂಪು ಹಾಕಬಾರದೆಂದು ಗುತ್ತಿಗೆದಾರರಿಗೆ ಮೊದಲೇ ಬರವಣಿಗೆಯಲ್ಲಿ ಹೇಳಿ. ಪೈಪು, ಕೇಬಲ್ಲು ಹೂಳುವ ಇಲಾಖೆಗಳಿಗೆ ಮಾತ್ರ ಆ ಜಾಗದ ವಿಳಾಸ ಕೊಡಬೇಡಿ.