ಎಣಿಸುವ ಮಹನೀಯರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ತಲೆ ಎಣಿಸುವವರು, ಸೆಕೆಂಡು ಎಣಿಸುವವರು, ಕೋಟಿ ಎಣಿಸುವವರು, ಎಲ್ಲರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಬೇರೆಬೇರೆ ಬರೆದರೆ ಅಂಚೆ ಖರ್ಚು. ಮೇಲಾಗಿ ನೀವೆಲ್ಲ ಒಂದೇ ಮನೆತನದವರೆಂಬ ಗುಮಾನಿ ನನಗಿದೆ.

ಮೊದಲು ಅಭಿನಂದನೆ. 2025ರ ಜೂನ್ 21ರ ಬೆಳಗ್ಗೆ ವಿಶಾಖಪಟ್ಟಣದ ರಾಮಕೃಷ್ಣ ಬೀಚಿನಿಂದ ಭೋಗಾಪುರದ ಕಡೆಗೆ ಸುಮಾರು 26 ಕಿಲೋಮೀಟರ್ ಉದ್ದಕ್ಕೂ ಮೂರು ಲಕ್ಷಕ್ಕೂ ಹೆಚ್ಚು ಜನ ಪ್ರಧಾನಿಯವರೊಡನೆ ಯೋಗ ಮಾಡಿದರು. ಅಷ್ಟೂ ಜನರನ್ನು ನೀವು ಎಣಿಸಿದಿರಿ, ಗಿನ್ನೆಸ್‌ನವರು ಮುದ್ರೆ ಒತ್ತಿದರು. ನಮ್ಮ ಕಡೆ ಮದುವೆಯೂಟಕ್ಕೆ ಎಷ್ಟು ಎಲೆ ಬಿತ್ತು ಎಂಬುದರಲ್ಲೇ ಅಡುಗೆಯವರಿಗೂ ಬೀಗರಿಗೂ ಒಮ್ಮತ ಮೂಡಿದ್ದಿಲ್ಲ. ನಿಮ್ಮ ಕೈಚಳಕಕ್ಕೆ ಶರಣು.

ಅದೇ ಜೂನ್ ತಿಂಗಳ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ತಾವು ಯಾಕೋ ಕಾಣಿಸಲಿಲ್ಲ. ಒಳಗೆ ಎಷ್ಟು ಜನಕ್ಕೆ ಜಾಗ, ಹೊರಗೆ ಎಷ್ಟು ಜನ ಎಂದು ಎಣಿಸಲು ಅಂದು ಪುರುಸೊತ್ತಾಗಲಿಲ್ಲವೇನೋ. ಕಾಲ್ತುಳಿತದಲ್ಲಿ ಸತ್ತ 11 ಮಂದಿಯನ್ನು ಮಾತ್ರ ಸರಿಯಾಗಿ ಎಣಿಸಿದಿರಿ. ಗಂಡಸರ ಕ್ರಿಕೆಟ್ ತಂಡದ ವಿಜಯೋತ್ಸವದಲ್ಲಿ ಆದ ಅನಾಹುತಕ್ಕೆ ಆ ವರ್ಷದ ಮಹಿಳಾ ವಿಶ್ವಕಪ್ ಪಂದ್ಯಗಳೇ ಬೆಂಗಳೂರಿನ ಕೈತಪ್ಪಿ ಹೋದವು. ಯಾರದೋ ಸಾಲ, ಯಾರದೋ ವಸೂಲಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೂರು ಲಕ್ಷ ಜನರನ್ನು ಲೀಲಾಜಾಲವಾಗಿ ಎಣಿಸುವವರು ಅದೇ ವಿಶಾಖಪಟ್ಟಣದ ಒಬ್ಬಳೇ ಒಬ್ಬ ಹುಡುಗಿಯನ್ನು ಲೆಕ್ಕಕ್ಕೆ ಹಿಡಿಯಲು ಇಷ್ಟು ತಿಣುಕಾಡಿದ್ದು ಯಾಕೆ?

ಹೆಸರು ಜ್ಯೋತಿ ಯರ್ರಾಜಿ. ಅಪ್ಪ ಸೆಕ್ಯುರಿಟಿ ಗಾರ್ಡ್. ಅಮ್ಮ ಮನೆಗೆಲಸ ಮಾಡಿ, ಆಸ್ಪತ್ರೆಯಲ್ಲಿ ಕಸ ಗುಡಿಸಿ ಮಕ್ಕಳನ್ನು ಸಾಕಿದವರು. 2020ರ ಜನವರಿಯಲ್ಲಿ ಈ ಹುಡುಗಿ ನಮ್ಮ ಮೂಡುಬಿದಿರೆಗೆ ಬಂದು, ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ 100 ಮೀಟರ್ ಹರ್ಡಲ್ಸನ್ನು 13.03 ಸೆಕೆಂಡಿನಲ್ಲಿ ಮುಗಿಸಿದಳು. ಆಗಿನ ರಾಷ್ಟ್ರೀಯ ದಾಖಲೆ 13.38, ಅನುರಾಧಾ ಬಿಸ್ವಾಲ್ 2002ರಲ್ಲಿ ಬರೆದದ್ದು. ದಾಖಲೆ ಮುರಿಯಿತು ಎಂದು ಚಪ್ಪಾಳೆ ತಟ್ಟಿದವರ ಕೈ ಅರ್ಧಕ್ಕೇ ನಿಲ್ಲಬೇಕಾಯಿತು. ಉದ್ದೀಪನ ಮದ್ದಿನ ಪರೀಕ್ಷೆ ನಡೆದಿರಲಿಲ್ಲ, ಅಥ್ಲೆಟಿಕ್ಸ್ ಫೆಡರೇಷನ್ನಿನ ತಾಂತ್ರಿಕ ಪ್ರತಿನಿಧಿ ಹಾಜರಿರಲಿಲ್ಲ. ಹುಡುಗಿ ಬಂದಿದ್ದಳು, ಹತ್ತು ಹರ್ಡಲ್‌ಗಳೂ ಶಿಸ್ತಾಗಿ ಸಾಲಿನಲ್ಲಿ ನಿಂತಿದ್ದವು. ಬಾರದೆ ಉಳಿದದ್ದು ಮೂತ್ರ ಹಿಡಿಯುವ ಬಾಟಲಿ ಮತ್ತು ಸಹಿ ಹಾಕುವ ಪೆನ್ನು.

ಎರಡು ವರ್ಷ ಕಳೆದು, 2022ರ ಏಪ್ರಿಲ್‌ನಲ್ಲಿ ಕೋಳಿಕ್ಕೋಡ್. ಈ ಸಲ ನಿಮ್ಮವರೆಲ್ಲ ಬಂದಿದ್ದರು. ಸಮಯ 13.09. ಆದರೆ ಬೆನ್ನ ಹಿಂದಿನಿಂದ ಬೀಸಿದ ಗಾಳಿ ಸೆಕೆಂಡಿಗೆ 2.1 ಮೀಟರ್, ನಿಯಮ ಒಪ್ಪುವುದು 2.0. ನಿಯಮ ಎಂದರೆ ನಿಯಮ, ತಕರಾರಿಲ್ಲ. ಅರಬ್ಬೀ ಸಮುದ್ರಕ್ಕೆ ನೋಟಿಸ್ ಕೊಟ್ಟಿರೋ ಇಲ್ಲವೋ ಅಷ್ಟು ಮಾತ್ರ ತಿಳಿಸಿ. ಮರುತಿಂಗಳು ಸೈಪ್ರಸ್‌ನ ಲಿಮಾಸೋಲ್‌ನಲ್ಲಿ ಆಕೆ 13.23ರಲ್ಲಿ ಓಡಿದಳು. ಹಿಂದಿನ ಎರಡಕ್ಕಿಂತಲೂ ನಿಧಾನ. ರಾಷ್ಟ್ರೀಯ ದಾಖಲೆ!

ಅಲ್ಲಿಗೂ ಮುಗಿಯಲಿಲ್ಲ. 2023ರ ಅಕ್ಟೋಬರ್ 1, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಫೈನಲ್. ಪಿಸ್ತೂಲು ಸಿಡಿಯುವ ಮೊದಲೇ ಚೀನಾದ ವು ಯಾನ್ನಿ ಎದ್ದುಬಿಟ್ಟಳು. ತಪ್ಪು ಜ್ಯೋತಿಯ ತಲೆಗೂ ಬಂತು, ಅವಳೂ ಹೊರಗೆ ಎಂದಾಯಿತು. ಅವಳು ಜಗ್ಗಲಿಲ್ಲ. ಟ್ರ್ಯಾಕಿನ ಪಕ್ಕದಲ್ಲೇ ನಿಂತು ವಾದಿಸಿದಳು, ಪರದೆಯ ಮೇಲಿನ ದೃಶ್ಯ ನೋಡಿದಳು, ನಾನು ಕದಲಿಲ್ಲ ಎಂದಳು. ಕೊನೆಗೆ ಇಬ್ಬರನ್ನೂ ಓಡಲು ಬಿಟ್ಟರು. ಯಾನ್ನಿ ಎರಡನೆಯವಳಾಗಿ ಬಂದು ಆಮೇಲೆ ಅನರ್ಹಳಾದಳು, ಜ್ಯೋತಿಯ ಕಂಚು ಬೆಳ್ಳಿಯಾಯಿತು. ಓಟಕ್ಕೆ ಹಿಡಿದದ್ದು ಹದಿಮೂರು ಸೆಕೆಂಡಿಗೂ ಕಡಿಮೆ. ಓಡಿದ್ದೇನೆಂದು ನಂಬಿಸುವುದಕ್ಕೆ ಹಿಡಿದ ಹೊತ್ತನ್ನು ಅಳೆಯುವ ಗಡಿಯಾರ ನಿಮ್ಮಲ್ಲಿದ್ದಂತಿಲ್ಲ.

ಕೋಟಿ ಎಣಿಸುವವರಿಗೂ ಎರಡು ಮಾತು. 2022ರ ಅಕ್ಟೋಬರ್‌ನಲ್ಲಿ ಕ್ರಿಕೆಟ್ ಮಂಡಳಿ ಗಂಡಸರಿಗೂ ಹೆಂಗಸರಿಗೂ ಪಂದ್ಯ ಶುಲ್ಕ ಸಮ ಮಾಡಿತು. ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ. ಹೆಣ್ಣುಮಕ್ಕಳಿಗೆ ವರ್ಷಕ್ಕೊಂದು ಟೆಸ್ಟ್ ಸಿಕ್ಕರೆ ಅದೇ ಪುಣ್ಯವಾದ್ದರಿಂದ ಈ ಸಮಾನತೆ ಬಹಳ ಅಗ್ಗದಲ್ಲಿ ಕುದುರಿತು. 2024-25ರ ವಾರ್ಷಿಕ ಗುತ್ತಿಗೆಯಲ್ಲಿ ಗಂಡಸರ ಮೇಲಿನ ದರ್ಜೆಗೆ 7 ಕೋಟಿ, ಹೆಂಗಸರದಕ್ಕೆ 50 ಲಕ್ಷ. ಇಲ್ಲಿ ಗಾಳಿ ಎಷ್ಟು ಮೀಟರ್ ಬೀಸುತ್ತಿದೆ ಎಂದು ಯಾವ ಮಾಪಕವೂ ತೋರಿಸುವುದಿಲ್ಲ.

ಒಳ್ಳೆಯ ಕೆಲಸವನ್ನೂ ಹೇಳಬೇಕಲ್ಲ. 2025ರ ಅಕ್ಟೋಬರ್ 12ರಂದು ಭಾರತ-ಆಸ್ಟ್ರೇಲಿಯಾ ಮಹಿಳಾ ವಿಶ್ವಕಪ್ ಪಂದ್ಯದ ದಿನ ವಿಶಾಖಪಟ್ಟಣದ ಕ್ರೀಡಾಂಗಣದ ಎರಡು ಸ್ಟ್ಯಾಂಡ್‌ಗಳಿಗೆ ಮಿಥಾಲಿ ರಾಜ್ ಮತ್ತು ರಾವಿ ಕಲ್ಪನಾ ಹೆಸರಿಟ್ಟಿರಿ. ಕಲ್ಪನಾ ಕೃಷ್ಣಾ ಜಿಲ್ಲೆಯ ಆಟೋ ಚಾಲಕರ ಮಗಳು, ಆಡಿದ್ದು 7 ಏಕದಿನ ಪಂದ್ಯ. ಅಂಥವಳ ಹೆಸರನ್ನು ಗೋಡೆಯ ಮೇಲೆ ಬರೆಸಿದ್ದಕ್ಕೆ ಯಾವ ಕುಹಕವೂ ಇಲ್ಲದೆ ಕೈ ಮುಗಿಯುತ್ತೇನೆ. ಅಂದು ಆಸ್ಟ್ರೇಲಿಯಾ 331 ಬೆನ್ನಟ್ಟಿ ಗೆದ್ದದ್ದು ಬೇರೆ ಮಾತು.

ವಿಜಯವಾಡದಲ್ಲಿ ಮಾತ್ರ ಲೆಕ್ಕ ಸ್ವಲ್ಪ ಬೇರೆ. ಊರ ನಡುವಿನ ಇಂದಿರಾ ಗಾಂಧಿ ಮುನಿಸಿಪಲ್ ಕ್ರೀಡಾಂಗಣದಲ್ಲಿ 2019ರ ಮೇ 30ರಂದು ಮುಖ್ಯಮಂತ್ರಿಗಳ ಪ್ರಮಾಣವಚನ ನಡೆಯಿತು. 2016ರ ನವೆಂಬರ್‌ನಲ್ಲಿ ಭಾರತ ಮತ್ತು ವೆಸ್ಟ್ ಇಂಡೀಸ್ ಮಹಿಳೆಯರು ಆಡಿದ್ದು ಊರಾಚೆಯ ಮೂಲಪಾಡಿನಲ್ಲಿ. ಪ್ರಮಾಣಕ್ಕೆ ನಡುವೂರು, ಪಂದ್ಯಕ್ಕೆ ಹೊರವೂರು.

ಇನ್ನು ಆರೋಗ್ಯ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪ್ರಕಟಿಸಿದ ಅಧ್ಯಯನದ ಪ್ರಕಾರ ಭಾರತದಲ್ಲಿ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದವರು ಗಂಡಸರಲ್ಲಿ ಶೇ. 42, ಹೆಂಗಸರಲ್ಲಿ ಶೇ. 57. ಮನೆಗೆಲಸವೇ ವ್ಯಾಯಾಮವಲ್ಲವೇ ಎಂದು ಕೇಳುವ ಮಹನೀಯರು ಒಂದು ತಿಂಗಳು ಅದನ್ನೇ ಮಾಡಿ ತೂಕ ನೋಡಿಕೊಳ್ಳಲಿ.

ಆದ್ದರಿಂದ ಒಂದು ಸಣ್ಣ ಎಣಿಕೆಗೆ ಅರ್ಜಿ ಹಾಕುತ್ತಿದ್ದೇನೆ. ಎಂಟನೇ ತರಗತಿ ದಾಟಿದ ಮೇಲೆ ಆಟದ ಪಿರಿಯಡ್ಡಿಗೆ ಬಾರದೆ ಉಳಿಯುವ ಹುಡುಗಿಯರು ಪ್ರತಿ ಶಾಲೆಯಲ್ಲಿ ಎಷ್ಟು ಮಂದಿ ಎಂದು ಎಣಿಸಿಕೊಡಿ. ಗಿನ್ನೆಸ್‌ನವರನ್ನು ಕರೆಸುವುದು ಬೇಡ. ಫಾರಂ ನಾನೇ ತಯಾರಿಸಿದ್ದೇನೆ. ಕಾರಣದ ಕಾಲಂಗಳು ಹೀಗಿವೆ: ಶೌಚಾಲಯವಿಲ್ಲ, ಕೊನೆಯ ಬಸ್ಸು ಐದಕ್ಕೆ, ಹೊಟ್ಟೆನೋವಿನ ದಿನ, ಬಿಸಿಲಿಗೆ ಕಪ್ಪಾಗುತ್ತಾಳೆ, ಮೈದಾನದಲ್ಲಿ ಪೆಂಡಾಲ್ ಹಾಕಿದ್ದಾರೆ, ಮದುವೆ ಗೊತ್ತಾಗಿದೆ. ಜಾಗ ಸಾಲದಿದ್ದರೆ ಹಿಂಬದಿಯಲ್ಲಿ ಬರೆಯಬಹುದು, ಖಾಲಿ ಬಿಟ್ಟಿದ್ದೇನೆ.

ಇತಿ ತಮ್ಮ ವಿಧೇಯ,
ಲೆಕ್ಕಕ್ಕೆ ಬಾರದ ಒಬ್ಬ ಪ್ರೇಕ್ಷಕ