ಬದನವಾಳಿಗೆ ಬಂದ ಬದನೆಯ ನೆಂಟ

ನಮ್ಮ ಜಗಲಿ ಪಕ್ಕದಲ್ಲಿ ಒಂದು ಗಿಡ ಇದೆ. 'ಇದೆ' ಎಂದು ಧೈರ್ಯವಾಗಿ ಹೇಳುತ್ತಿರುವುದು ಈಗ. ಹೋದ ಯುಗಾದಿಯ ಹೊತ್ತಿಗೆ ಕೇಳಿದ್ದರೆ 'ಇದೆ' ಅನ್ನಲೋ 'ಇತ್ತು' ಅನ್ನಲೋ ಎಂದು ತಡವರಿಸುತ್ತಿದ್ದೆ. ಆಳುದ್ದದ ಒಂದು ಕೋಲು, ಕೋಲಿನ ತುದಿಗೆ ಐದಾರು ಹಳದಿ ಎಲೆ. ಆ ಎಲೆಗಳೂ ಫೇಲಾದ ಹುಡುಗರ ಹಾಗೆ ನೆಲ ನೋಡಿಕೊಂಡು ನಿಂತಿರುತ್ತಿದ್ದವು. ನಂಜನಗೂಡಿನ ಬಸ್ಸು ಹಿಡಿಯುವವರು ನಮ್ಮ ಮನೆ ಮುಂದೆಯೇ ಹಾದುಹೋಗಬೇಕು. ಹಾದುಹೋಗುವವರು ಸುಮ್ಮನೆ ಹೋಗುತ್ತಾರೆಯೇ?

"ಮೇಷ್ಟ್ರೇ, ಇದೇನ್ ಗಿಡವಾ, ಇಲ್ಲಾ ಉಪ್ಸಾರ್ಗೆ ಬೇಯ್ಸಿಟ್ಟಿರೋ ಸೊಪ್ಪಾ?" ಎಂದು ಒಬ್ಬರು. "ಬುಡಿ ಅತ್ಲಾಗಿ, ಅದ್ಕೂ ಪಿಂಚಣಿ ಬಂದದೆ" ಎಂದು ಇನ್ನೊಬ್ಬರು. ಪಿಂಚಣಿಯ ಮಾತು ಗಿಡಕ್ಕೆ ಆಡಿದ್ದೋ ನನಗೋ ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಗಿಡದ ಹೆಸರು ಬ್ರಗ್ಮಾನ್ಸಿಯಾ. ಹಾಲೆಂಡಿನ ಬ್ರಗ್‌ಮನ್ಸ್ ಎಂಬ ಪಂಡಿತರ ನೆನಪಿಗೆ ಇಟ್ಟದ್ದು. ಹಲ್ಲಿಗೆ ಪೆಟ್ಟು ಮಾಡಿಕೊಳ್ಳದೆ ಆ ಹೆಸರು ಹೇಳಲು ನನಗೆ ಒಂದು ವಾರ ಹಿಡಿಯಿತು. ನಂಜನಗೂಡು ಹಲ್ಲುಪುಡಿ ಕೈಗೆಟುಕುವಷ್ಟು ಹತ್ತಿರ ಇದೆ ಅನ್ನುವ ಧೈರ್ಯದಲ್ಲೇ ಅಭ್ಯಾಸ ಮಾಡಿದೆ. ಪಕ್ಕದ ಮನೆ ದೊಡ್ಡವ್ವನಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. "ಇದು ತಲೆಕೆಳಗಿನ ಉಮ್ಮತ್ತಿ ಕನಪ್ಪ" ಎಂದು ನಾಮಕರಣ ಮುಗಿಸಿಬಿಟ್ಟಳು. ನಗಬೇಡಿ, ದೊಡ್ಡವ್ವ ದೊಡ್ಡವರ ಸಾಲಿನಲ್ಲೇ ಇದ್ದಾಳೆ. 1753ರಲ್ಲಿ ಲಿನೇಯಸ್ ಕೂಡ ಇದನ್ನು ಉಮ್ಮತ್ತಿಯ ಗುಂಪಿಗೇ ಸೇರಿಸಿದ್ದ. 1805ರಲ್ಲಿ ಇದಕ್ಕೆ ಬೇರೆ ಮನೆ ಆಯಿತು. ಉಮ್ಮತ್ತಿಯ ಹೂ ಆಕಾಶ ನೋಡುತ್ತದೆ, ಕಾಯಿಗೆ ಮುಳ್ಳು. ಇದರ ಹೂ ದೇವಸ್ಥಾನದ ಗಂಟೆಯಂತೆ ಜೋತು ಬೀಳುತ್ತದೆ, ಕಾಯಿ ನುಣುಪು, ಬಿಟ್ಟರೆ ಸಣ್ಣ ಮರವೇ ಆಗುತ್ತದೆ. ಕುಲ ಕೇಳಿದರೆ ಬದನೆ ಕುಲ. ಟೊಮೆಟೊ, ಆಲೂಗಡ್ಡೆ, ಹೊಗೆಸೊಪ್ಪು ಎಲ್ಲ ದಾಯಾದಿಗಳು. ಬದನೆಯ ನೆಂಟ ಬದನವಾಳಿಗಲ್ಲದೆ ಇನ್ನೆಲ್ಲಿಗೆ ಬಂದಾನು? ಊರಿನ ಹೆಸರಿಗೂ ಬದನೆಗೂ ಏನು ಸಂಬಂಧ ಎಂದು ಮಾತ್ರ ಕೇಳಬೇಡಿ. ನಾನು ಕಟ್ಟಿದ್ದು ಪ್ರಾಸಕ್ಕೆ.

ಇದರ ತವರು ದಕ್ಷಿಣ ಅಮೆರಿಕದ ಬೆಟ್ಟಗುಡ್ಡ. ಈಗ ಅಲ್ಲಿನ ಕಾಡಿನಲ್ಲಿ ತಾನಾಗಿ ಬೆಳೆಯುವ ಬ್ರಗ್ಮಾನ್ಸಿಯಾ ಒಂದೂ ಇಲ್ಲ ಎಂದು ತಿಳಿದವರ ಲೆಕ್ಕ. ಉಳಿದದ್ದೆಲ್ಲ ಮನುಷ್ಯರ ಬೇಲಿ, ಅಂಗಳಗಳಲ್ಲಿ. ತವರು ಅಳಿದ ಸೊಸೆ, ಪಾಪ. ಮಡಿಕೇರಿ, ಊಟಿ ಕಡೆಯ ತಂಪಿನಲ್ಲಿ ಸುಖವಾಗಿರುತ್ತದೆ. ಮಡಿಕೇರಿಯ ನಮ್ಮ ಷಡ್ಡಕರ ಮನೆಯಿಂದ ಒಂದು ಕೋಲು ಮುರಿದು ತಂದು, ಖಾಲಿ ಪೇಂಟ್ ಬಕೆಟ್ಟಿನಲ್ಲಿ ಊರಿ, ಮೂರು ವರ್ಷ ನಮ್ಮ ಬಿಸಿಲಿಗೆ ಒಡ್ಡಿದವನು ನಾನು. ಮಾವನ ಮನೆಯವರ ಮುಂದೆ ಇದನ್ನು ಒಪ್ಪಿಕೊಂಡಿಲ್ಲ. 'ಹವಾ ಒಗ್ಗಲಿಲ್ಲ' ಅಂದಿದ್ದೇನೆ.

ಇದರ ಎಲೆ ಅಗಲ, ನೀರು ಆರುವುದು ಜಾಸ್ತಿ. ಬುಡ ಒದ್ದೆ ಇದ್ದರೂ ನಡುಮಧ್ಯಾಹ್ನ ಸೋತು ಜೋತುಬೀಳುತ್ತದೆ, ಸಂಜೆ ತಂಪಿಗೆ ತಾನೇ ಏಳುತ್ತದೆ. ಈ ನಾಟಕ ನನಗೆ ಗೊತ್ತಿರಲಿಲ್ಲ. ಜೋತುಬಿದ್ದಾಗಲೆಲ್ಲ ಒಂದು ಚೊಂಬು ನೀರು. ನನ್ನದೊಂದು, ಹೆಂಡತಿಯದೊಂದು, ಬಸ್ಸು ತಪ್ಪಿಸಿಕೊಂಡು ಜಗಲಿಯಲ್ಲಿ ಕೂತವರದೊಂದು. ಬಕೆಟ್ಟಿನ ತಳಕ್ಕೆ ಇದ್ದದ್ದು ಒಂದೇ ಮೊಳೆ ತೂತು, ಅದೂ ಬೇರು ತುಂಬಿ ಮುಚ್ಚಿಹೋಗಿತ್ತು. ಮೇಲೆ ಬೋರ್‌ವೆಲ್ ನೀರಿನ ಸುಣ್ಣ ಬಿಳಿ ಹಪ್ಪಳ ಕಟ್ಟಿತ್ತು. ಕೆಳಗೆ ಕೆಸರು, ಮೇಲೆ ಸುಣ್ಣ, ನಡುವೆ ಗಿಡದ ಉಪವಾಸ.

ಟಿಪ್ಪು ಸುಲ್ತಾನನ ಆನೆಯ ಕಣ್ಣು ನಂಜುಂಡೇಶ್ವರನ ಕೃಪೆಯಿಂದ ವಾಸಿಯಾಯಿತು, ಅದಕ್ಕೇ ಆತ 'ಹಕೀಂ ನಂಜುಂಡ' ಎಂದು ಕರೆದು ಪಚ್ಚೆಲಿಂಗ ಒಪ್ಪಿಸಿದ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಹಕೀಮನೇ ಪಕ್ಕದಲ್ಲಿದ್ದಾನೆ, ಹರಕೆ ಹೊತ್ತರಾಯಿತು ಎಂದು ನಾನಂದೆ. "ಹರಕೆ ಆಮೇಲೆ ಹೊರಿ, ಮೊದ್ಲು ಆ ಬಕೆಟ್ ಬಿಚ್ಚಿ" ಅಂದಳು ಹೆಂಡತಿ.

ಬಿಸಿಲು ಇಳಿದ ಮೇಲೆ ಬಕೆಟ್ಟನ್ನು ಕತ್ತರಿಸಿ ಬಿಚ್ಚಿದೆವು. ಬಿಚ್ಚಿದರೂ ಬಕೆಟ್ಟು ಹಾಗೆಯೇ ನಿಂತಿತ್ತು! ಮಣ್ಣೆಲ್ಲಿ? ಬರೀ ಬೇರು, ಒತ್ತುಶಾವಿಗೆಯ ಹಾಗೆ ಸುತ್ತಿ ಸುತ್ತಿ ಬಕೆಟ್ಟಿನ ಅಚ್ಚು ಹೊಯ್ದುಕೊಂಡಿತ್ತು. ನನಗೆ ನಾಚಿಕೆಯಾಯಿತು. ನಮ್ಮೂರಿನ ಖಾದಿ ಕೇಂದ್ರ ನೋಡಲು 1927ರಲ್ಲಿ ಗಾಂಧೀಜಿಯೇ ಬಂದಿದ್ದರು. ಊರವರ ಮೈಗೆಲ್ಲ ಬಟ್ಟೆ ನೇಯ್ದ ಊರಿನಲ್ಲಿ, ಬೆಳೆದ ಗಿಡಕ್ಕೆ ಮೂರು ವರ್ಷದಿಂದ ಕೂಸಿನ ಅಂಗಿ ತೊಡಿಸಿಟ್ಟಿದ್ದೆನಲ್ಲ!

ತಳದಲ್ಲಿ ಕಪ್ಪಾಗಿ ನಾರುತ್ತಿದ್ದ ಬೇರುಗಳನ್ನು ಕತ್ತರಿಸಿದೆ. ಸುತ್ತಿಕೊಂಡವನ್ನು ಎರಡು ಬೆರಳಿನಷ್ಟು ಸುತ್ತಲೂ ಸವರಿ ಬಿಡಿಸಿದೆ. ಬೆಳ್ಳಗಿದ್ದವನ್ನು ಮುಟ್ಟಲಿಲ್ಲ. ಮಣ್ಣಿನ ವಿಷಯಕ್ಕೆ ಬಂದಾಗ ಜಗಲಿಯಲ್ಲಿ ಸಣ್ಣ ಪಂಚಾಯಿತಿಯೇ ಸೇರಿತು. "ದೇವರಸನಹಳ್ಳಿ ಎರೆಮಣ್ಣು ಹಾಕಿ, ರಸಬಾಳೆಯನ್ನೇ ಸಾಕಿದ ಮಣ್ಣು" ಎಂದರು ಹಿರಿಯರೊಬ್ಬರು. ಮಣ್ಣು ಒಳ್ಳೆಯದೇ, ಸೊರಗು ರೋಗ ಬಂದು ರಸಬಾಳೆಯೇ ಅಪರೂಪವಾದದ್ದು ಮಣ್ಣಿನ ತಪ್ಪಲ್ಲ. ಆದರೆ ಹೊಲದ ಎರೆಮಣ್ಣು ಕುಂಡದಲ್ಲಿ ಒಣಗಿದರೆ ಇಟ್ಟಿಗೆ, ನೆನೆದರೆ ಅಂಟು. ಕೊನೆಗೆ ಕೆಂಪು ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಮತ್ತು ದಪ್ಪ ಮರಳು ಸೇರಿ ಇನ್ನೊಂದು ಪಾಲು ಎಂದು ತೀರ್ಮಾನವಾಯಿತು. ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮಿಗೆ ಹತ್ತು ತೂತು ಕೊರೆದು, ಇಟ್ಟಿಗೆಯ ಮೇಲೆ ಕೂರಿಸಿ, ಬೆಳಗಿನ ಬಿಸಿಲಷ್ಟೇ ಬೀಳುವ ಹೊಂಗೆ ನೆರಳಿಗೆ ಸಾಗಿಸಿದೆವು.

ಅಷ್ಟರಲ್ಲಿ ಭಾವಮೈದ ಕುಡುಗೋಲು ಹಿಡಿದು ಬಂದ. "ಅರ್ಧ ಬೇರು ಹೋಗದೆ, ಮೇಲೂ ಅರ್ಧ ತೆಗಿಬೇಕು ಭಾವ" ಎಂದ. ಮಾತು ಸರಿ, ಕೈ ಇಟ್ಟ ಜಾಗ ತಪ್ಪು. ಈ ಗಿಡ ಒಂಟಿ ಕೋಲಾಗಿ ಬೆಳೆದು, ಎತ್ತರದಲ್ಲಿ ಒಂದು ಕಡೆ ಇಬ್ಭಾಗವಾಗಿ ಕವಲೊಡೆಯುತ್ತದೆ. ಹೂವೆಲ್ಲ ಆ ಕವಲಿನಿಂದ ಮೇಲೆ. ಕವಲಿನ ಕೆಳಗೆ ಕಡಿದರೆ ಗಿಡ ಸಾಯುವುದಿಲ್ಲ, ಆದರೆ ಮತ್ತೆ ಒಂದನೇ ಕ್ಲಾಸಿನಿಂದ ಓದಬೇಕು. ನಾನು ಕೂಗಿ ಕೈ ಹಿಡಿದೆ. ಕವಲಿನ ಮೇಲೆ ಒಂದು ಗೇಣು ಉಳಿಸಿ ಕಡಿದ. ಕಡಿದ ಕೈಯಲ್ಲೇ ಕಣ್ಣುಜ್ಜಲು ಹೋದಾಗ ಮತ್ತೆ ಕೂಗಿದೆ. ಇಲ್ಲಿ ಮಾತ್ರ ತಮಾಷೆ ಬೇಡ. ಎಲೆ, ಹೂ, ಬೀಜ, ರಸ ಎಲ್ಲವೂ ವಿಷ. ಕಣ್ಣಿನ ಡಾಕ್ಟರು ಪಾಪೆ ಅಗಲಿಸಲು ಬಿಡುವ ಅಟ್ರೋಪಿನ್ ಈ ರಸದಲ್ಲಿದೆ, ಜೊತೆಗೆ ಸ್ಕೊಪೊಲಮಿನ್. ರಸ ಕಣ್ಣಿಗೆ ತಗುಲಿದರೆ ಪಾಪೆ ಅಗಲವಾಗಿ ಎಲ್ಲ ಮಂಜುಮಂಜು. ಹೊಟ್ಟೆಗೆ ಹೋದರೆ ಜೀವಕ್ಕೇ ಕುತ್ತು. ಆನೆಯ ಕಣ್ಣು ವಾಸಿ ಮಾಡಿದವನ ನೆರೆಯಲ್ಲಿ ಇಂಥ ಗಿಡ! ಮೊಮ್ಮಕ್ಕಳು ಬಂದಾಗ ಡ್ರಮ್ಮಿನ ಸುತ್ತ ಬೇಲಿ ಏಳುತ್ತದೆ, ಬಂದುಹೋದವರೆಲ್ಲ ಸೋಪಿನಲ್ಲಿ ಕೈ ತೊಳೆಯುತ್ತಾರೆ.

ಇನ್ನು ಊಟ. ಅವತ್ತೇ ಒಂದು ಹಿಡಿ ಯೂರಿಯಾ ಎಸೆಯಲು ಒಬ್ಬರು ಮುಂದಾದರು. ಆಪರೇಷನ್ ಆದ ದಿನವೇ ಬಾಡೂಟ ಹಾಕುತ್ತೀರಾ ಎಂದು ತಡೆದೆ. ಎರಡು ಮೂರು ವಾರ ಬರೀ ನೀರು, ಅದೂ ಬೆರಳು ಚುಚ್ಚಿ ನೋಡಿ ಮೇಲ್ಮಣ್ಣು ಆರಿದ್ದರೆ. ಚಿಗುರು ಕಂಡ ಮೇಲೆ ಶುರುವಾಯಿತು ನೋಡಿ ಹೊಟ್ಟೆಬಾಕತನ. ಕಡಲೆಕಾಯಿ ಹಿಂಡಿಯನ್ನು ನಾಲ್ಕು ದಿನ ನೆನೆಸಿ, ಹತ್ತರಷ್ಟು ನೀರು ಬೆರೆಸಿ ವಾರಕ್ಕೊಮ್ಮೆ. ಆ ವಾಸನೆಗೆ ಜಗಲಿಯ ಪಂಚಾಯಿತಿ ತಾನಾಗಿ ಚದುರಿತು. ಇದು ನಾನು ಲೆಕ್ಕ ಹಾಕದೆ ಬಂದ ಲಾಭ. ಒಲೆಬೂದಿ ಹಾಕಿ ಎಂದವರೂ ಇದ್ದರು. ಬೋರ್‌ವೆಲ್ಲಿನ ಸುಣ್ಣವೇ ಸಾಲದೆ ಅದರ ಮೇಲೆ ಬೂದಿ ಬೇರೆಯೇ? ಸೂರಿನ ಮಳೆನೀರು ಹಿಡಿದಿಟ್ಟು ಹಾಕಿದೆ, ಎಲೆಯ ಹಳದಿ ಇಳಿಯಿತು. ಬೇಸಿಗೆಯಲ್ಲಿ ಬಂದ ಕೆಂಪು ನುಸಿಯನ್ನು ಎಲೆಯಡಿಗೆ ಪೈಪಿನ ನೀರು ಹೊಡೆದೇ ಓಡಿಸಿದ್ದು.

ಗೌರಿ ಹಬ್ಬ ಕಳೆದು ಕಾರ್ತಿಕದ ಒಂದು ಸೋಮವಾರ ಸಂಜೆ ಹನ್ನೊಂದು ಹೂ ಒಟ್ಟಿಗೆ ಬಿಚ್ಚಿಕೊಂಡವು. ಒಂದೊಂದೂ ಗೇಣುದ್ದ, ಬೆಳ್ಳಗೆ. ಕತ್ತಲಾಗುತ್ತ ಬಂದ ಹಾಗೆ ಬಸ್ ನಿಲ್ಲುವ ಜಾಗದವರೆಗೂ ಘಮ. ಪಿಂಚಣಿ ಮಾತಾಡಿದ್ದವರು ಎರಡು ಬಸ್ಸು ಬಿಟ್ಟು ನಿಂತು ನೋಡಿದರು.

ದೊಡ್ಡವ್ವ ಗಿಡದ ಕೆಳಗೆ ನಿಂತು ಕತ್ತೆತ್ತಿ ಬಹಳ ಹೊತ್ತು ಪರಿಶೀಲಿಸಿದಳು. "ನಂಜುಂಡಪ್ಪನಿಗೆ ಉಮ್ಮತ್ತಿ ಅಂದ್ರೆ ಪ್ರೀತಿ ಕನಪ್ಪ. ಆದ್ರೆ ತಲೆ ಕೆಳ್ಗಾಕಂಡಿರೋ ಹೂವ ದೇವ್ರ ತಲೆ ಮೇಲೆ ಎಂಗೆ ಕೂರ್ಸದು?" ಅಂದಳು. ಉತ್ತರಕ್ಕೆ ಕಾಯದೆ ಸೆರಗಿನ ಮರೆಯಿಂದ ಏನೋ ತೆಗೆದು ಮುಂದೆ ಚಾಚಿದಳು.

"ಓಗ್ಲಿ, ಒಂದು ಕಡ್ಡಿ ಕೊಡು, ನಮ್ಮನೆ ಮುಂದ್ಕೂ ಇರ್ಲಿ."

ನೋಡಿದರೆ ಅಂಗೈ ಅಗಲದ ಪೇಂಟ್ ಡಬ್ಬಿ.