ಒಂದು ಗುಲಗಂಜಿ ಹೆಚ್ಚು

ಪರಸ್ಥಳಕ್ಕೆ ಹೋದರೆ ಹೊಳೆಯಲ್ಲಿ ಮುಳುಗಿ, ದೇವರಿಗೆ ಕೈಮುಗಿದು, ಕಟ್ಟಿಕೊಂಡು ಹೋದ ಬುತ್ತಿ ತಿಂದು ಬಸ್ಸು ಹತ್ತುತ್ತಿದ್ದ ಕಾಲ ಹೋಯಿತು. ಈಗ ಹೋದ ಊರಿನ ‘ಕಲಾಲೋಕ’ವನ್ನೂ ನೋಡಿ ಬರಬೇಕು. ನಮ್ಮ ನೆಂಟರೊಬ್ಬರು ಪ್ಯಾರಿಸ್ಸಿಗೆ ಹೋಗಿ, ಜನಜಂಗುಳಿಯ ಹಿಂದಿನಿಂದ ಫೋನು ಮೇಲೆತ್ತಿ ಮೋನಾಲಿಸಾಳ ಪಟ ಹಿಡಿದು ತಂದರು. ಪಟದಲ್ಲಿ ಅವಳಿಗಿಂತ ಮುಂದಿನವರ ಬೋಳುತಲೆಯೇ ಸ್ಪಷ್ಟವಾಗಿತ್ತು. ಬೋಳುತಲೆ ನೋಡಲು ಅಷ್ಟು ದೂರ ಯಾಕೆ ಹೋಗಬೇಕು? ಮುಡಿ ಕೊಟ್ಟು ಗಂಧ ಬಳಿದುಕೊಂಡ ತಲೆಗಳು ಬೇಕಾದಷ್ಟು ನಂಜನಗೂಡಿನಲ್ಲಿವೆ. ಮೈಸೂರಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ.

ಇಳಿದವನು ಕಾಫಿ ಅಂಗಡಿಯಲ್ಲಿ ವಿಚಾರಿಸಿದೆ. ಊರಿನಲ್ಲಿ ಚಿತ್ರಶಾಲೆ, ಆರ್ಟ್ ಗ್ಯಾಲರಿ ಅಂತ ಏನಾದರೂ ಇದೆಯಾ ಎಂದು.

“ಅದು ಮೈಸೂರಲ್ಲದೆ ಸಾ, ಜಗನ್ಮೋಹನ ಅರಮನೇಲಿ. ಇಲ್ಲಿ ದ್ಯಾವ್ರು ಬುಟ್ರೆ ಇನ್ನೇನದೆ?”

ಅಂಗಡಿಯವನು ಸುಳ್ಳು ಹೇಳಲಿಲ್ಲ. ಆದರೆ ಇಲ್ಲಿಯ ದೇವರನ್ನು ‘ಬಿಟ್ಟು’ ನೋಡುವುದು ಅಷ್ಟು ಸುಲಭವಲ್ಲ. ಶ್ರೀಕಂಠೇಶ್ವರನ ಗುಡಿ 385 ಅಡಿ ಉದ್ದ, 160 ಅಡಿ ಅಗಲ, ಕಂಬಗಳು 147. ಏಳು ನೆಲೆಯ, 120 ಅಡಿ ಎತ್ತರದ ಗೋಪುರವನ್ನು ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು. ಬಂದವರೆಲ್ಲ ಗೋಪುರದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ; ತೆಗೆಸಿಕೊಳ್ಳಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಗೋಡೆಯ ಮೇಲಿನ ಗಾರೆ ಬೊಂಬೆಗಳು. ಶಿವ ಎಷ್ಟು ಲೀಲೆಗಳನ್ನು ಮಾಡಿದನೋ ಅಷ್ಟೂ ಅಲ್ಲಿವೆ. ಕುಣಿಯುವ ಶಿವ, ಭಿಕ್ಷೆ ಬೇಡುವ ಶಿವ, ಮದುವೆಗೆ ನಿಂತ ಶಿವ. ಅವನ ಮಗ ಗಣಪತಿಯೂ ನಾನಾ ವೇಷಗಳಲ್ಲಿ. ಒಳಗೆ ಅರವತ್ತುಮೂವರು ಪುರಾತನರು ಸಾಲಾಗಿ ನಿಂತಿದ್ದಾರೆ, ಪೀಠದ ಮೇಲೆ ಅವರವರ ಹೆಸರು.

ಇದೆಲ್ಲದರ ಹಿಂದೆ ಇರುವವರು ಮುಮ್ಮಡಿಯವರು. 1831ರಲ್ಲಿ ಇಂಗ್ಲಿಷರು ರಾಜ್ಯಭಾರವನ್ನು ಕೈಯಿಂದ ಕಿತ್ತುಕೊಂಡರು. ಆಮೇಲೆ 1868ರಲ್ಲಿ ತೀರಿಕೊಳ್ಳುವವರೆಗೆ ಅವರು ಅರಸರೆಂಬ ಹೆಸರನ್ನಷ್ಟೇ ಇಟ್ಟುಕೊಂಡು ಬದುಕಿದರು. ಆಳುವ ಕೆಲಸವಿಲ್ಲದ ಅರಸ ಹೊತ್ತು ಹೇಗೆ ಕಳೆಯಬೇಕು? ಇವರು ಚದುರಂಗದ ಬಂಧಗಳನ್ನು ಹೆಣೆದರು, ಗಂಜೀಫಾ ಎಲೆಗಳಿಗೆ ಹೊಸ ಆಟಗಳನ್ನು ಹೂಡಿದರು, ಕೊನೆಗೆ ದೇವತೆಗಳನ್ನೇ ಹಿಡಿದು ಜಾತಿವಾರು ವಿಂಗಡಿಸಿ, ಯಾರಿಗೆ ಎಷ್ಟು ಕೈ, ಯಾವ ಬಣ್ಣ, ಯಾವ ಆಯುಧ ಎಂದು ‘ಶ್ರೀತತ್ತ್ವನಿಧಿ’ ಎಂಬ ಸಚಿತ್ರ ಗ್ರಂಥವನ್ನು ಮಾಡಿಸಿದರು. ಅದರಲ್ಲಿ ಗಣಪತಿಗೇ 32 ರೂಪಗಳು. ಪ್ರಜೆಗಳ ಖಾನೇಷುಮಾರಿ ಮಾಡಿಸುವ ಅಧಿಕಾರ ಹೋಯಿತಲ್ಲ, ದೇವರುಗಳದ್ದನ್ನು ಮಾಡಿಸಿದರು ಅಂತ ನನಗನ್ನಿಸುತ್ತದೆ. ಓದಲು ಬಾರದವರಿಗೆ ಗ್ರಂಥ ಏನು ಪ್ರಯೋಜನ? ಅದಕ್ಕೇ ಇರಬೇಕು, ಗೋಡೆಯ ಮೇಲೂ ಏರಿಸಿದರು. ತಾವೂ ರಾಣಿಯರ ಸಮೇತ ಅದೇ ಗುಡಿಯೊಳಗೆ ಕೈಮುಗಿದು ಕಲ್ಲಾಗಿ ನಿಂತಿದ್ದಾರೆ. ಕಲಾಶಾಲೆ ಕಟ್ಟಿದ ಯಜಮಾನ ಸಂದರ್ಶಕರ ಸಾಲಿನಲ್ಲೇ ನಿಂತಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗಾರೆಯ ಕೆಲಸ ನವುರೇನಲ್ಲ. ಶಿವನ ಮೂಗು ಕೆಲವು ಕಡೆ ನಮ್ಮೂರ ಶ್ಯಾನುಭೋಗರದಂತಿದೆ. ಈ ಅಭಿಪ್ರಾಯವನ್ನು ಮನಸ್ಸಿನಲ್ಲೇ ಸಿದ್ಧಪಡಿಸಿಕೊಳ್ಳುತ್ತ, ಕಲಾವಿಮರ್ಶಕರ ಭಂಗಿಯಲ್ಲಿ ಎರಡು ಹೆಜ್ಜೆ ಹಿಂದೆ ಸರಿದೆ. ಕಾಲಿಗೆ ಏನೋ ತಗುಲಿತು. ನೋಡಿದರೆ ಒದ್ದೆ ಪಂಚೆಯ ಗೃಹಸ್ಥರೊಬ್ಬರು ಉರುಳುಸೇವೆ ಮಾಡುತ್ತ ಬರುತ್ತಿದ್ದಾರೆ. ಹಿಂದೆ ಅವರ ಹೆಂಡತಿ, ಕೈಯಲ್ಲಿ ತಂಬಿಗೆ. “ವಸಿ ದಾರಿ ಬುಡಿ ಸ್ವಾಮಿ, ಮ್ಯಾಲ್ ಏನ್ ನೋಡ್ತಿದ್ದೀರಿ?” ಎಂದರು ಆಕೆ. ನಾನು ಬೊಂಬೆಗಳ ಕಡೆ ಕೈ ತೋರಿಸಿದೆ. ಆಕೆಯೂ ಕತ್ತೆತ್ತಿ ನೋಡಿದರು. “ಅಯ್ಯೋ, ಏಟೊಂದ್ ಅವೆ!” ಎಂದು ಗಲ್ಲ ಬಡಿದುಕೊಂಡು ಮುಂದೆ ಹೋದರು. ಎಷ್ಟೋ ವರ್ಷಗಳಿಂದ ಬರುತ್ತಿರುವವರಂತೆ, ಮೇಲೆ ನೋಡಿದ್ದೇ ಇಲ್ಲವಂತೆ. ಗಂಡನೋ, ಉರುಳುವ ಪ್ರತಿ ಸುತ್ತಿಗೂ ಒಮ್ಮೆ ಆಕಾಶ ನೋಡುತ್ತಿದ್ದರು. ಆ ಬೊಂಬೆಗಳನ್ನು ಅವರಷ್ಟು ಸರಿಯಾದ ಕೋನದಿಂದ ಯಾವ ವಿಮರ್ಶಕನೂ ನೋಡಿರಲಾರ.

ಈ ಊರಿನಲ್ಲಿ ಕಲೆಯನ್ನು ಯಾರೂ ಜೋಪಾನ ಮಾಡಿ ಎತ್ತಿಡುವುದಿಲ್ಲ, ಬಳಸಿ ಸವೆಸುತ್ತಾರೆ. ಮಾರ್ಗಶಿರದಲ್ಲಿ ಅಂಧಕಾಸುರನ ಸಂಹಾರ ನಡೆಯುತ್ತದೆ. ರಾಕ್ಷಸ ಮಂಟಪದ ಬಳಿ ನಡುಬೀದಿಯಲ್ಲಿ ರಂಗೋಲಿ, ಬಣ್ಣದ ಪುಡಿಗಳಿಂದ ಅಸುರನ ದೊಡ್ಡ ಚಿತ್ರ ಬರೆಯುತ್ತಾರೆ. ಉತ್ಸವಮೂರ್ತಿಯನ್ನು ಹೊತ್ತವರು ಅದನ್ನು ತುಳಿದು ಅಳಿಸುತ್ತಾರೆ. ಅಲ್ಲಿಗೆ ಚಿತ್ರವೂ ಮುಗಿಯಿತು, ಅಸುರನೂ ಮುಗಿದ. ಬರೆದವನಿಗೆ ಕಾಲ ಕೆಳಗಿನ ಧೂಳೇ ಪ್ರಶಸ್ತಿ. 2023ರಲ್ಲಿ ಈ ಚಿತ್ರ ಅಂಧಕಾಸುರನದೋ ಮಹಿಷಾಸುರನದೋ, ನಮ್ಮ ಪೂರ್ವಿಕನೊಬ್ಬನನ್ನು ಹೀಗೆ ತುಳಿಯುವುದು ಸರಿಯೋ ಎಂದು ಪ್ರಶ್ನೆ ಎದ್ದು ದೊಡ್ಡ ಗಲಾಟೆಯೇ ಆಯಿತು. ಪ್ರಶ್ನೆ ಕೇಳಬೇಕಾದ್ದೇ. ನಗರಗಳ ಗ್ಯಾಲರಿಗಳಲ್ಲಿ ಚಿತ್ರ ಯಾರದೆಂದು ಕೇಳುವುದಿರಲಿ, ಅದನ್ನು ತಲೆಕೆಳಗಾಗಿ ತೂಗುಹಾಕಿದರೂ ಬಂದವರು ಗಂಭೀರವಾಗಿ ತಲೆದೂಗುತ್ತಾರೆ.

ಶ್ರೀಕಂಠೇಶ್ವರನನ್ನು ಜನ ಕರೆಯುವುದು ನಂಜುಂಡ ಎಂದು. ಹಾಡಿನವರ ನಂಜುಂಡನೇ ಬೇರೆ. ಗೋಡೆಯ ಮೇಲಿನ ಶಿವನಿಗೆ ಶಾಸ್ತ್ರ ಗೊತ್ತು. ಜನಪದರ ನಂಜುಂಡ ಮನೆಯಲ್ಲಿ ದೇವೀರಿಯನ್ನು ಬಿಟ್ಟು ಬೆಟ್ಟದ ಚಾಮುಂಡಿಗೆ ಮನಸೋತವನು. ಸವತಿಯರ ಆ ಜಗಳ ಕೇಳಿದರೆ ಟೀವಿ ಧಾರಾವಾಹಿ ಸಪ್ಪೆ. ಇದೇ ಸೀಮೆಯ ಮಾತನ್ನು ಹಿಡಿದು ದೇವನೂರ ಮಹಾದೇವ ‘ಕುಸುಮಬಾಲೆ’ ಬರೆದದ್ದು. ದೇವನೂರು ಈ ತಾಲ್ಲೂಕಿನದೇ ಊರು. 1990ರಲ್ಲಿ ಆ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರಲ್ಲಿ ಮನೆಮನೆಯ ದೀಪಗಳು ಜೋತಮ್ಮಗಳಾಗಿ ಒಂದೆಡೆ ಸೇರಿ ಕಷ್ಟಸುಖ ಆಡಿಕೊಳ್ಳುತ್ತವೆ. ಕಾಫಿ ಅಂಗಡಿಯ ಬೆಂಚಿನ ಮೇಲೆ ಅರ್ಧ ಗಂಟೆ ಕೂತವರಿಗೆ ಇದರಲ್ಲಿ ಅತಿಶಯವೇನೂ ಕಾಣದು.

ನಂಜನಗೂಡಿನ ಹೊಳೆ ಕಪಿಲೆಯ ಜೊತೆಗೇ ಕೆಳಗೆ ಹೋದರೆ ತಿರುಮಕೂಡಲು ನರಸೀಪುರ. ಅಲ್ಲಿ ಅವಳು ಕಾವೇರಿಯನ್ನು ಸೇರುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಕೂಡಿ ತ್ರಿವೇಣಿ ಎನ್ನುತ್ತಾರೆ. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ. ಇಲ್ಲಿಯ ಅಗಸ್ತ್ಯೇಶ್ವರ ಮರಳಿನ ಲಿಂಗ. ಕಾಶಿಯಿಂದ ಲಿಂಗ ತರಲು ಹೋದ ಹನುಮಂತ ಹೊತ್ತಿಗೆ ಬರಲಿಲ್ಲ. ಮುಹೂರ್ತ ಮೀರುತ್ತದೆಂದು ಅಗಸ್ತ್ಯರು ಹೊಳೆಯ ಮರಳನ್ನೇ ಬಾಚಿ ಲಿಂಗ ಮಾಡಿದರು. ಗಡುವಿಗೆ ಹೆದರಿ ಕೈಗೆ ಸಿಕ್ಕಿದ್ದರಲ್ಲಿ ಕೆಲಸ ಮುಗಿಸಿದ ಮೊದಲ ಕಲಾವಿದರು ಅವರೇ ಇರಬೇಕು. ಪತ್ರಿಕೆಗೆ ಬರೆಯುವ ನಮ್ಮಂಥವರು ದಿನವೂ ನೆನೆಯಬೇಕಾದ ಋಷಿ.

ಹೊಳೆಯ ಇನ್ನೊಂದು ದಡದಲ್ಲಿ ಗುಂಜಾನರಸಿಂಹ. ಅವನ ಕೈಯಲ್ಲಿ ಗುಲಗಂಜಿ. ಕಾಶಿಯನ್ನೂ ಈ ಕ್ಷೇತ್ರವನ್ನೂ ತೂಗಿದಾಗ ಇದೇ ಒಂದು ಗುಲಗಂಜಿ ತೂಕ ಹೆಚ್ಚು ಬಂತಂತೆ. ನಂಜನಗೂಡಿನವರು ದಕ್ಷಿಣ ಕಾಶಿ ಎಂದು ಸಮಾಧಾನಪಟ್ಟುಕೊಂಡರೆ ನರಸೀಪುರದವರು ತಕ್ಕಡಿ ಹಿಡಿದೇ ನಿಂತರು. ಜಂಬ ಕೊಚ್ಚಿಕೊಳ್ಳುವುದರಲ್ಲೂ ಎಂಥ ಮಿತ! ಸೇರುಗಟ್ಟಲೆ ಹೆಚ್ಚು ಎಂದಿದ್ದರೆ ಕೇಳುವವರು ಯಾರಿದ್ದರು?

ಈ ತಿರುಮಕೂಡಲಿನಲ್ಲೇ 1895ರಲ್ಲಿ ಪಿಟೀಲು ಚೌಡಯ್ಯ ಹುಟ್ಟಿದ್ದು. ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯ. ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳಬೇಕಲ್ಲ? ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಬಿಗಿದರು. ಇದು ಅಪ್ಪಟ ಜಾತ್ರೆಯ ಊರಿನ ಬುದ್ಧಿ ಅನ್ನುವುದು ನನ್ನ ವಾದ. 1957ರಲ್ಲಿ ಸಂಗೀತ ಕಲಾನಿಧಿಯಾದರು. ಬರೆದ ಕೃತಿಗಳಿಗೆ ಇಟ್ಟ ಅಂಕಿತ ‘ತ್ರಿಮಕುಟ’, ಅಂದರೆ ಊರೇ. ಪಿಟೀಲಿನಾಕಾರದ ಅವರ ಸ್ಮಾರಕ ಭವನ ಮಾತ್ರ ಬೆಂಗಳೂರಿನಲ್ಲಿದೆ.

ಸೋಮನಾಥಪುರವೂ ನರಸೀಪುರದ ತಾಲ್ಲೂಕೇ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 13ನೆಯ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯ. 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಅದರ ಕುಸುರಿಯ ಬಗ್ಗೆ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನನಗೆ ಇಷ್ಟವಾದದ್ದು ಶಿಲ್ಪಿ ಮಲ್ಲಿತಮ್ಮನ ಧೈರ್ಯ. ಹತ್ತಾರು ಮೂರ್ತಿಗಳ ಕೆಳಗೆ ತನ್ನ ಹೆಸರು ಕೆತ್ತಿಬಿಟ್ಟಿದ್ದಾನೆ. ಅಲ್ಲಿ ಈಗ ಹುಲ್ಲು ಹಸಿರಾಗಿದೆ, ಟಿಕೆಟ್ಟಿದೆ, ಪೂಜೆಯಿಲ್ಲ. ಉರುಳುವವರಿಲ್ಲದ್ದರಿಂದ ಎಷ್ಟು ಹೆಜ್ಜೆ ಬೇಕಾದರೂ ಹಿಂದೆ ಸರಿಯಬಹುದು.

ಶಿಲ್ಪವೆಂದರೆ ಸೋಮನಾಥಪುರವೇ, ಅದರಲ್ಲಿ ಎರಡು ಮಾತಿಲ್ಲ. ಆದರೂ ತಕ್ಕಡಿ ನನ್ನ ಕೈಗೆ ಕೊಟ್ಟರೆ ನಂಜನಗೂಡಿನ ಮೂಗುದಪ್ಪ ಗಾರೆ ಶಿವನ ಕಡೆಗೆ ಒಂದು ಗುಲಗಂಜಿ ಹಾಕುತ್ತೇನೆ. ನೀವೂ ಹೋಗಿ ಬನ್ನಿ. ಸೋಮವಾರ, ಹುಣ್ಣಿಮೆ ಬೇಡ, ಕಾಲಿಡಲು ಜಾಗವಿರುವುದಿಲ್ಲ. ದರ್ಶನವಾದ ಕೂಡಲೇ ಪ್ರಸಾದಕ್ಕೆ ಓಡದೆ, ಕತ್ತೆತ್ತಿಕೊಂಡು ಗುಡಿಗೆ ಒಂದು ಸುತ್ತು ಹಾಕಿ. ಹಿಂದೆ ಸರಿಯುವಾಗ ಮಾತ್ರ ಉರುಳುತ್ತ ಬರುವವರನ್ನು ನೋಡಿಕೊಳ್ಳಿ.